ಪೋಸ್ಟ್‌ಡಾಕ್‌ಗೆ ಅಮೆರಿಕವೋ ಜರ್ಮನಿಯೋ: ಪುಣೆಯ ಓದುಗರಿಗೆ ಉತ್ತರ

ಪ್ರಶ್ನೆ: ನಾನು ಗದಗ ಕಡೆಯವನು. ಪುಣೆಯ ಪಾಷಾಣ್‌ನಲ್ಲಿ ಕೆಟಲಿಸಿಸ್ (ರಾಸಾಯನಿಕ ಕ್ರಿಯೆಗೆ ವೇಗ ಕೊಡುವ ವಸ್ತುಗಳ) ವಿಷಯದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಥೀಸಿಸ್ ಕೊಟ್ಟಾಗಿದೆ, ವೈವಾ (ಮೌಖಿಕ ಪರೀಕ್ಷೆ) ಬಾಕಿ. ವಯಸ್ಸು 30. ಹೆಂಡತಿಗೆ ಹಿಂಜವಡಿಯಲ್ಲಿ ಸಾಫ್ಟ್‌ವೇರ್ ಕೆಲಸ. ಅಮೆರಿಕದ ಒಬ್ಬ ಪ್ರೊಫೆಸರ್ ಒಂದು ವರ್ಷದ ಪೋಸ್ಟ್‌ಡಾಕ್ (ಪಿಎಚ್‌ಡಿ ನಂತರದ ತಾತ್ಕಾಲಿಕ ಸಂಶೋಧನಾ ಕೆಲಸ) ಕೊಡುತ್ತೇನೆ, ಮುಂದೆ ವಿಸ್ತರಿಸಬಹುದು ಅಂದಿದ್ದಾರೆ. ಮೂರು ತಿಂಗಳಲ್ಲಿ ಬರಬೇಕಂತೆ. ಜರ್ಮನಿಯ ಇನ್ನೊಬ್ಬರು "ಫೆಲೋಶಿಪ್‌ಗೆ ಅರ್ಜಿ ಹಾಕಿ, ನನ್ನ ಲ್ಯಾಬಿನಲ್ಲಿ ಜಾಗ ಕೊಟ್ಟು ಹೋಸ್ಟ್ ಆಗುತ್ತೇನೆ" ಅಂದಿದ್ದಾರೆ, ಆದರೆ ಅದು ಸಿಗುವ ಖಾತ್ರಿ ಇಲ್ಲ. ನಮ್ಮ ಗೈಡ್ ಅಮೆರಿಕಕ್ಕೇ ಹೋಗು ಅನ್ನುತ್ತಾರೆ. ಊರಲ್ಲಿ "ಇನ್ನೂ ಸಾಲಿ ಮುಗಿದಿಲ್ಲೇನಪಾ ನಿಂದು" ಅಂತ ಕೇಳುತ್ತಾರೆ. ಕೆಲವು ವರ್ಷ ಇದ್ದು ವಾಪಸ್ ಬಂದು ಇಲ್ಲೇ ಕೆಲಸ ಮಾಡುವ ಆಸೆ. ಯಾವುದನ್ನು ಆರಿಸಲಿ?

ಉತ್ತರ: ಊರಿನವರ ಪ್ರಶ್ನೆಯಿಂದಲೇ ಶುರು ಮಾಡೋಣ. ಅದು ನೀವು ಅಂದುಕೊಂಡಷ್ಟು ಪೆದ್ದು ಪ್ರಶ್ನೆ ಅಲ್ಲ. ಪೋಸ್ಟ್‌ಡಾಕ್ ಒಂದು ನೌಕರಿ. ಆಫರ್ ಲೆಟರ್ ಇರುತ್ತದೆ, ಸಂಬಳ ಇರುತ್ತದೆ, ರಜೆ ಇರುತ್ತದೆ, ತೆರಿಗೆಯ ತಲೆನೋವೂ ಇರುತ್ತದೆ. "ಸಾಲಿ ಮುಗೀತು, ಈಗ ನೌಕರಿ" ಅಂತ ಧೈರ್ಯವಾಗಿ ಹೇಳಿ. ಆದರೆ ಅವರ ಅನುಮಾನದಲ್ಲಿ ಸ್ವಲ್ಪ ನಿಜ ಇದೆ. ಈ ನೌಕರಿ ಶುರುವಾಗುವ ದಿನವೇ ಮುಗಿಯುವ ದಿನವನ್ನೂ ಬರೆದಿರುತ್ತಾರೆ. ಪ್ರಮೋಷನ್ ಇಲ್ಲ, ಕಾಯಂ ಆಗುವುದಿಲ್ಲ. ಒಳಗೆ ಹೋಗುವ ಮುಂಚೆಯೇ ಹೊರಗೆ ಬರುವ ಬಾಗಿಲು ಎಲ್ಲಿದೆ ಅಂತ ನೋಡಿಕೊಂಡಿರಬೇಕು.

ನಾನು ಮುಂಬೈಯಲ್ಲಿ ಲ್ಯಾಬ್ ನಡೆಸುತ್ತೇನೆ. ನೇಮಕಾತಿ ಸಮಿತಿಗಳಲ್ಲೂ ಕೂರುತ್ತೇನೆ. ಹೊರಗಿನಿಂದ ಬಂದವರ ಸಿವಿ ಮುಂದಿಟ್ಟುಕೊಂಡಾಗ ಯಾವ ದೇಶ ಅಂತ ಯಾರೂ ಮೊದಲು ನೋಡುವುದಿಲ್ಲ. ಯಾರ ಲ್ಯಾಬ್, ಅಲ್ಲಿ ಇವರದು ಅಂತ ಇದ್ದ ಕೆಲಸ ಯಾವುದು, ಗೈಡಿನ ಹೆಸರಿಲ್ಲದೆ ಒಂದು ಐಡಿಯಾ ಹೇಳಬಲ್ಲರೇ, ಇದನ್ನು ನೋಡುತ್ತೇವೆ. ಹಾಗಾಗಿ ನಿಮ್ಮ ಪ್ರಶ್ನೆಯನ್ನು ಸ್ವಲ್ಪ ತಿರುಗಿಸುತ್ತೇನೆ. ಯಾರ ಹತ್ತಿರ ಹೋಗುತ್ತೀರಿ, ಯಾರ ದುಡ್ಡಿನಲ್ಲಿ ಹೋಗುತ್ತೀರಿ, ಎಷ್ಟು ದಿನಕ್ಕೆ ಹೋಗುತ್ತೀರಿ? ಈ ಮೂರಕ್ಕೆ ಉತ್ತರ ಸಿಕ್ಕರೆ ದೇಶ ತಾನಾಗಿ ಗೊತ್ತಾಗುತ್ತದೆ.

ಅದಕ್ಕೂ ಮೊದಲು ಒಂದು ಮಾತು. ವಾಪಸ್ ಬಂದು "ಇಲ್ಲೇ ಕೆಲಸ" ಅಂದಿರಿ. ಯಾವ ಕೆಲಸ? ಠಾಣೆ, ಅಂಬರ್‌ನಾಥ್, ತಾರಾಪುರ ಕಡೆಯ ಕೆಮಿಕಲ್ ಕಂಪನಿಗಳ ಆರ್ ಅಂಡ್ ಡಿ ಆದರೆ, ಕೆಟಲಿಸಿಸ್‌ನಲ್ಲಿ ಪಿಎಚ್‌ಡಿ ಇರುವ ನಿಮಗೆ ಹೊರದೇಶದ ಪೋಸ್ಟ್‌ಡಾಕ್ ಕಡ್ಡಾಯವೇನಲ್ಲ. ಹೊರಗೆ ಕಳೆಯಲಿರುವ ಆ ಕೆಲವು ವರ್ಷವನ್ನು ಕಂಪನಿಯಲ್ಲೇ ಕಳೆದರೆ ಪ್ಲಾಂಟ್ ಮಟ್ಟದ ಅನುಭವ ಸಿಗುತ್ತದೆ. ಅದನ್ನು ಯಾವ ವಿಶ್ವವಿದ್ಯಾಲಯವೂ ಕಲಿಸುವುದಿಲ್ಲ. ಆದರೆ ಐಐಟಿ, ಐಸರ್, ಸಿಎಸ್‌ಐಆರ್ ಲ್ಯಾಬ್‌ಗಳಂಥ ಸರ್ಕಾರಿ ಸಂಶೋಧನಾ ಸಂಸ್ಥೆಗಳ ಕಡೆ ಮನಸ್ಸಿದ್ದರೆ ಮಾತು ಬೇರೆ. ಐಐಟಿಗಳಲ್ಲಿ ಗ್ರೇಡ್ 1 ಅಸಿಸ್ಟೆಂಟ್ ಪ್ರೊಫೆಸರ್ ಆಗಲು ಪಿಎಚ್‌ಡಿ ನಂತರ 3 ವರ್ಷದ ಅನುಭವ ಕೇಳುತ್ತಾರೆ. ಕಡಿಮೆ ಇದ್ದವರನ್ನು ಗ್ರೇಡ್ 2ಕ್ಕೆ, ಅಂದರೆ ಒಪ್ಪಂದದ ಮೇಲೆ, ತೆಗೆದುಕೊಳ್ಳುತ್ತಾರೆ. ನಿಮ್ಮ ಪತ್ರದ ಧಾಟಿ ನೋಡಿದರೆ ಎರಡನೇ ದಾರಿಯೇ ನಿಮ್ಮದು ಅನ್ನಿಸುತ್ತದೆ. ಮುಂದಿನದನ್ನೆಲ್ಲ ಅದೇ ಲೆಕ್ಕದಲ್ಲಿ ಬರೆಯುತ್ತಿದ್ದೇನೆ.

ಈಗ ಯಾರ ಹತ್ತಿರ ಅನ್ನುವುದು. ಪ್ರೊಫೆಸರ್‌ನ ಹೆಸರು ಎಷ್ಟು ದೊಡ್ಡದು ಅನ್ನುವುದಕ್ಕಿಂತ ಅವರ ಹತ್ತಿರ ಇದ್ದವರು ಈಗ ಎಲ್ಲಿದ್ದಾರೆ ಅನ್ನುವುದು ಮುಖ್ಯ. ಲ್ಯಾಬಿನ ವೆಬ್‌ಪುಟದಲ್ಲಿ ಹಳೆಯ ಸದಸ್ಯರ ಪಟ್ಟಿ ಇರುತ್ತದೆ. ಕಳೆದ ಐದಾರು ವರ್ಷದ ಪೋಸ್ಟ್‌ಡಾಕ್‌ಗಳನ್ನು ಒಬ್ಬೊಬ್ಬರಾಗಿ ಹುಡುಕಿ. ಎಷ್ಟು ಜನ ಸ್ವಂತ ಲ್ಯಾಬ್ ಶುರು ಮಾಡಿದರು? ಎಷ್ಟು ಜನ ಇನ್ನೊಂದು ಪೋಸ್ಟ್‌ಡಾಕ್‌ಗೆ ಹೋದರು? ಪಟ್ಟಿಯೇ ಇಲ್ಲದಿದ್ದರೆ ಅದೂ ಒಂದು ಉತ್ತರವೇ. ಪೇಪರ್‌ಗಳಲ್ಲಿ ಫಸ್ಟ್ ಆಥರ್ ಯಾರು ಅಂತ ನೋಡಿ. ಒಂದೇ ಹೆಸರು ಮತ್ತೆ ಮತ್ತೆ ಬರುತ್ತಿದ್ದು, ಉಳಿದವರೆಲ್ಲ ನಡುವೆ ಎಲ್ಲೋ ಕೂತಿದ್ದರೆ ಅಲ್ಲಿ ನಿಮಗೂ ನಡುವಿನ ಜಾಗವೇ.

ಜೂಮ್‌ನಲ್ಲಿ ಇಂಟರ್‌ವ್ಯೂ ಆಗಿದೆ ಅಂದುಕೊಳ್ಳುತ್ತೇನೆ. ಆಗಿದ್ದರೂ ಇನ್ನೊಂದು ಮಾತುಕತೆ ಕೇಳಿ. ಈ ಸಲ ಪ್ರೊಫೆಸರ್ ಇಲ್ಲದೆ, ಲ್ಯಾಬಿನ ಇಬ್ಬರು ಮೂವರ ಜೊತೆ. ಇದನ್ನು ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ಒಳ್ಳೆ ಪ್ರೊಫೆಸರ್‌ಗಳು ತಾವೇ ಮಾಡಿಸುತ್ತಾರೆ. ಬೇಡ ಅಂದವರ ಹತ್ತಿರ ಹೋಗಬೇಡಿ. ಆ ಹುಡುಗರನ್ನು "ಲ್ಯಾಬ್ ಹೇಗಿದೆ" ಅಂತ ಕೇಳಿದರೆ "ಚೆನ್ನಾಗಿದೆ" ಅನ್ನುತ್ತಾರೆ, ಅಷ್ಟೇ. ಶನಿವಾರ ಬರುತ್ತೀರಾ? ಕಳೆದ ಸಲ ರಜೆ ಹಾಕಿದ್ದು ಯಾವಾಗ, ಎಷ್ಟು ದಿನ? ಡ್ರಾಫ್ಟ್ ಕೊಟ್ಟರೆ ಪ್ರೊಫೆಸರ್ ಎಷ್ಟು ದಿನಕ್ಕೆ ತಿದ್ದಿ ಕೊಡುತ್ತಾರೆ? ಬಿಟ್ಟು ಹೋಗುವಾಗ ಪ್ರಾಜೆಕ್ಟ್ ಜೊತೆಗೆ ತೆಗೆದುಕೊಂಡು ಹೋಗಲು ಬಿಡುತ್ತಾರಾ? ಹೀಗೆ ಕೇಳಿ. ಕೊನೆಯ ಪ್ರಶ್ನೆಯನ್ನು ಪ್ರೊಫೆಸರ್‌ಗೂ ನೇರವಾಗಿ ಕೇಳಬೇಕು. ನೀವು ವಾಪಸ್ ಬಂದು ಸ್ವಂತ ಲ್ಯಾಬ್ ಶುರು ಮಾಡುವಾಗ ಕೈಯಲ್ಲಿ ಏನಿರುತ್ತದೆ ಅನ್ನುವುದು ಆ ಉತ್ತರದ ಮೇಲೆ ನಿಂತಿದೆ.

ನಿಮ್ಮ ಗೈಡ್ ಅಮೆರಿಕ ಅಂದರಲ್ಲ, ಅವರ ಕಾಲಕ್ಕೆ ಅದು ಸರಿಯೇ ಇತ್ತು. ಗೈಡ್‌ಗಳು ತಾವು ಹೋದ ದಾರಿಯನ್ನೇ ತೋರಿಸುತ್ತಾರೆ, ನಾನೂ ತೋರಿಸುತ್ತೇನೆ. ಹಾಗಂತ ಅವರ ಮಾತು ತಳ್ಳಿಹಾಕಬೇಡಿ. ಆ ಪ್ರೊಫೆಸರ್ ಅವರಿಗೆ ಪರಿಚಯ ಇದ್ದರೆ ಅದರ ಬೆಲೆ ದೊಡ್ಡದು.

ಇನ್ನು ದುಡ್ಡಿನ ವಿಷಯ. ಸಂಬಳ ಎಷ್ಟು ಅನ್ನುವುದಕ್ಕೆ ಆಮೇಲೆ ಬರುತ್ತೇನೆ. ಆ ಸಂಬಳ ಯಾವ ಚೀಲದಿಂದ ಬರುತ್ತದೆ ಅನ್ನುವುದೇ ಮೊದಲು. ಎರಡು ಬಗೆ ಇದೆ. ಒಂದು, ಪ್ರೊಫೆಸರ್‌ನ ಗ್ರ್ಯಾಂಟ್, ಅಂದರೆ ಒಂದು ಸಂಶೋಧನೆಗೆ ಅಂತ ಅವರಿಗೆ ಮಂಜೂರಾದ ಹಣ. ಆಗ ನೀವು ಮಾಡುವುದು ಆ ಗ್ರ್ಯಾಂಟಿನಲ್ಲಿ ಬರೆದ ಕೆಲಸ. ಗ್ರ್ಯಾಂಟ್ ಮುಗಿದರೆ ನಿಮ್ಮದೂ ಮುಗಿಯಿತು. 2025ರಲ್ಲಿ ಅಮೆರಿಕದಲ್ಲಿ ಸಂಶೋಧನೆಗೆ ಹಣ ಕೊಡುವ ಸರ್ಕಾರಿ ಸಂಸ್ಥೆಗಳಾದ ಎನ್‌ಐಎಚ್, ಎನ್‌ಎಸ್‌ಎಫ್ ಕೊಟ್ಟಿದ್ದ ಎಷ್ಟೋ ಗ್ರ್ಯಾಂಟ್‌ಗಳು ನಡುವೆಯೇ ರದ್ದಾದವು. ಹಾಗಾಗಿ "ವಿಸ್ತರಿಸಬಹುದು" ಅನ್ನುವ ಮಾತನ್ನು ಸುಮ್ನೆ ನಂಬಿ ಹೊರಡಬೇಡಿ. ಯಾವ ಗ್ರ್ಯಾಂಟ್, ಅದರ ಕೊನೆಯ ದಿನಾಂಕ ಯಾವುದು, ಎರಡನೇ ವರ್ಷದ ದುಡ್ಡು ಈಗಾಗಲೇ ಮಂಜೂರಾಗಿದೆಯಾ? ಮೇಲ್‌ನಲ್ಲಿ ಕೇಳಿ, ಮೇಲ್‌ನಲ್ಲೇ ಉತ್ತರ ಪಡೆಯಿರಿ. ಇದು ಮರ್ಯಾದೆ ಬಿಟ್ಟ ಪ್ರಶ್ನೆ ಅಂತ ನಮ್ಮ ಕಡೆ ಹುಡುಗರಿಗೆ ಅನ್ನಿಸುತ್ತದೆ. ಅಲ್ಲಿ ಇದನ್ನು ಕೇಳದಿರುವವರೇ ಕಡಿಮೆ.

ಎರಡನೆಯದು, ನಿಮ್ಮ ಹೆಸರಿಗೇ ಬರುವ ಫೆಲೋಶಿಪ್. ಇದರಲ್ಲಿ ಐಡಿಯಾ ನಿಮ್ಮದು, ಪ್ರಪೋಸಲ್ ನಿಮ್ಮದು, ಹೋಸ್ಟ್ ಜೊತೆ ಜಗಳವಾದರೂ ದುಡ್ಡು ನಿಮ್ಮ ಹೆಸರಿನಲ್ಲೇ ಇರುತ್ತದೆ. ಸಿವಿಯಲ್ಲಿ ಆ ಒಂದು ಸಾಲಿಗೆ ತೂಕ ಜಾಸ್ತಿ. ಆದರೆ ಇವುಗಳಿಗೆಲ್ಲ ನಿಯಮಗಳಿವೆ, ಮತ್ತು ನಿಮ್ಮಂಥವರು ಎಡವುವುದು ಅಲ್ಲೇ.

ಜರ್ಮನಿಯ ಹಂಬೋಲ್ಟ್ ಫೆಲೋಶಿಪ್ ತೆಗೆದುಕೊಳ್ಳಿ. ಪೋಸ್ಟ್‌ಡಾಕ್ ವಿಭಾಗದಲ್ಲಿ ಪಿಎಚ್‌ಡಿ ಆಗಿ 4 ವರ್ಷದೊಳಗಿನವರು ಹಾಕಬಹುದು. 6ರಿಂದ 24 ತಿಂಗಳವರೆಗೆ ಕೊಡುತ್ತಾರೆ. ವರ್ಷದ ಯಾವ ದಿನ ಬೇಕಾದರೂ ಅರ್ಜಿ ಹಾಕಬಹುದು, ಆಯ್ಕೆ ಸಮಿತಿ ವರ್ಷಕ್ಕೆ ಮೂರು ಸಲ ಕೂರುತ್ತದೆ. ಆದರೆ ಇದು ಆಗಲೇ ಜರ್ಮನಿಯಲ್ಲಿ ನೆಲೆ ಮಾಡಿಕೊಂಡವರಿಗಲ್ಲ. ಯುರೋಪಿನ ಮೇರಿ ಕ್ಯೂರಿ ಫೆಲೋಶಿಪ್‌ನಲ್ಲೂ ಇದೇ ಕಥೆ. ಪಿಎಚ್‌ಡಿ ನಂತರ 8 ವರ್ಷದ ಸಂಶೋಧನಾ ಅನುಭವದವರೆಗೆ ಅವಕಾಶ ಇದೆ. ಆದರೆ ಕೊನೆಯ ದಿನಾಂಕಕ್ಕೆ ಹಿಂದಿನ 36 ತಿಂಗಳಲ್ಲಿ 12 ತಿಂಗಳಿಗಿಂತ ಜಾಸ್ತಿ ಹೋಸ್ಟ್ ದೇಶದಲ್ಲಿ ಇದ್ದಿರಬಾರದು. ಅಂದರೆ, ಜರ್ಮನಿಯ ಪ್ರೊಫೆಸರ್ ನಾಳೆ ಮನಸ್ಸು ಬದಲಿಸಿ "ಸರಿ, ನನ್ನ ಗ್ರ್ಯಾಂಟಿನಲ್ಲೇ ಬನ್ನಿ, ಅಲ್ಲಿಂದಲೇ ಅರ್ಜಿ ಹಾಕೋಣ" ಅಂದರೆ ಹುಷಾರಾಗಿರಿ. ಒಳಗೆ ಹೋಗಿ ಕೂತ ಮೇಲೆ ಜರ್ಮನಿಗೆ ಇರುವ ಎರಡು ದೊಡ್ಡ ಫೆಲೋಶಿಪ್‌ಗಳ ಬಾಗಿಲು ಒಂದೊಂದಾಗಿ ಮುಚ್ಚುತ್ತವೆ. ಪಾಷಾಣ್‌ನಲ್ಲಿ ಕೂತು ಅರ್ಜಿ ಹಾಕುವುದೇ ನಿಮಗೆ ಲಾಭ. ಇಲ್ಲಿ ಕಾಯುವ ತಿಂಗಳುಗಳು ಹಾಳಲ್ಲ.

ಅಮೆರಿಕಕ್ಕೆ ಮೊದಲು ಹೋದರೆ ಈ ತೊಂದರೆ ಇಲ್ಲ. ಅಲ್ಲಿದ್ದುಕೊಂಡೇ ಜರ್ಮನಿಗೆ ಹಾಕಬಹುದು. ಆದರೆ ಪಿಎಚ್‌ಡಿ ದಿನಾಂಕದಿಂದ ಎಣಿಕೆ ನಡೆಯುತ್ತಲೇ ಇರುತ್ತದೆ. ಜಪಾನಿನ ಜೆಎಸ್‌ಪಿಎಸ್ ಫೆಲೋಶಿಪ್‌ಗೆ 6 ವರ್ಷ ಮಿತಿ, ಜೀವವಿಜ್ಞಾನದವರ ಎಂಬೋ ಫೆಲೋಶಿಪ್‌ಗೆ ಬರೀ 2 ವರ್ಷ. ಇದಕ್ಕೇ ಹೇಳುವುದು, ವೈವಾ ಆದ ತಕ್ಷಣ ನಿಮ್ಮ ಪ್ರೊವಿಷನಲ್ ಸರ್ಟಿಫಿಕೇಟ್‌ನಲ್ಲಿ ಯಾವ ದಿನಾಂಕ ಬಿದ್ದಿದೆ ಅಂತ ನೋಡಿ, ಅದನ್ನೇ ಹಿಡಿದು ಕ್ಯಾಲೆಂಡರ್ ಹಾಕಿ ಅಂತ.

ಅಮೆರಿಕದ ಆಫರ್‌ನಲ್ಲಿ ನನಗೆ ಕಸಿವಿಸಿ ಆಗುವುದು ಆ "ಒಂದು ವರ್ಷ" ಮತ್ತು "ಮೂರು ತಿಂಗಳು" ಎರಡರಿಂದಲೂ. ಸಾಮಾನ್ಯವಾಗಿ ಪೋಸ್ಟ್‌ಡಾಕ್‌ಗಳು ಜೆ-1 ಅನ್ನುವ ವಿನಿಮಯ ವೀಸಾದ ರಿಸರ್ಚ್ ಸ್ಕಾಲರ್ ವರ್ಗದಲ್ಲಿ ಹೋಗುತ್ತಾರೆ. ಗರಿಷ್ಠ 5 ವರ್ಷ ಇರಬಹುದು. ಆದರೆ ಈ ಪ್ರೋಗ್ರಾಂ ಒಮ್ಮೆ ಮುಗಿಸಿ ಹೊರಗೆ ಬಂದರೆ ಮತ್ತೆ ಅದೇ ವರ್ಗದಲ್ಲಿ 24 ತಿಂಗಳು ಹೋಗುವಂತಿಲ್ಲ. "ಒಂದು ವರ್ಷ ಇದ್ದು ನೋಡೋಣ, ಸರಿ ಹೋಗದಿದ್ದರೆ ವಾಪಸ್ ಬಂದು ಮತ್ತೆ ಅಮೆರಿಕದಲ್ಲೇ ಬೇರೆ ಕಡೆ ಹೋಗೋಣ" ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಅಲ್ಲಿದ್ದಾಗಲೇ ಇನ್ನೊಂದು ವಿಶ್ವವಿದ್ಯಾಲಯಕ್ಕೆ ಟ್ರಾನ್ಸ್‌ಫರ್ ಮಾಡಿಸಿಕೊಳ್ಳಬಹುದು, ಅದು ಬೇರೆ. ಹಿಂದೆ ಭಾರತೀಯರನ್ನು ಕಾಡುತ್ತಿದ್ದ ಎರಡು ವರ್ಷ ತವರಿಗೆ ಮರಳುವ ಷರತ್ತು ಈಗ ಸಡಿಲವಾಗಿದೆ. 2024ರ ಡಿಸೆಂಬರ್‌ನಲ್ಲಿ ಈ ಷರತ್ತು ಯಾವ ದೇಶದ ಯಾವ ವಿಷಯದವರಿಗೆ ಅಂತ ಹೇಳುವ ಸ್ಕಿಲ್ಸ್ ಲಿಸ್ಟ್‌ನಿಂದ ಅಮೆರಿಕ ಭಾರತವನ್ನು ತೆಗೆದುಹಾಕಿತು. ಆದರೆ ಫುಲ್‌ಬ್ರೈಟ್‌ನಂಥ ಸರ್ಕಾರಿ ದುಡ್ಡಿನಲ್ಲಿ ಹೋದವರಿಗೆ ಅದು ಈಗಲೂ ಇದೆ. ಎಚ್-1ಬಿ (ನೌಕರಿ ವೀಸಾ) ಕೊಡಿಸುತ್ತಾರಾ ಅಂತ ಕೇಳುವುದು ಈಗ ಹೆಚ್ಚುಕಡಿಮೆ ವ್ಯರ್ಥ. 2025ರ ಸೆಪ್ಟೆಂಬರ್‌ನಲ್ಲಿ ಹೊರಗಿನಿಂದ ಬರುವವರ ಹೊಸ ಅರ್ಜಿಗೆ 1 ಲಕ್ಷ ಡಾಲರ್ ಶುಲ್ಕ ಘೋಷಣೆಯಾಯಿತು. ಒಬ್ಬ ಪೋಸ್ಟ್‌ಡಾಕ್‌ಗಾಗಿ ಯಾವ ಪ್ರೊಫೆಸರ್ ಅಷ್ಟು ಕೊಡುತ್ತಾರೆ ಹೇಳಿ.

ಮೂರು ತಿಂಗಳು ಯಾಕೆ ಸಾಲದು ಅಂದರೆ, ನಿಮ್ಮದು ರಸಾಯನಶಾಸ್ತ್ರ. ವಿಶ್ವವಿದ್ಯಾಲಯದಿಂದ ಡಿಎಸ್-2019 (ಜೆ-1 ವೀಸಾಗೆ ಬೇಕಾದ ಅರ್ಹತಾ ಪತ್ರ) ಬರಬೇಕು, ಆಮೇಲೆ ಮುಂಬೈನ ಬಿಕೆಸಿಯಲ್ಲಿರುವ ಅಮೆರಿಕದ ಕಾನ್ಸುಲೇಟ್‌ನಲ್ಲಿ ಇಂಟರ್‌ವ್ಯೂ ಸ್ಲಾಟ್ ಸಿಗಬೇಕು. ಕೆಮಿಸ್ಟ್ರಿ, ನ್ಯೂಕ್ಲಿಯರ್, ಬಯೋಟೆಕ್ ಥರದ ವಿಷಯದವರನ್ನು ಇಂಟರ್‌ವ್ಯೂ ಆದ ಮೇಲೂ ಹೆಚ್ಚಿನ ಪರಿಶೀಲನೆಗೆ ಹಾಕುವುದುಂಟು. ವಾರಗಳೂ ಆಗಬಹುದು, ತಿಂಗಳುಗಳೂ ಆಗಬಹುದು. ಕೌಂಟರ್ ಮುಂದೆ ನಿಂತಾಗ ನಿಮ್ಮ ಕೆಲಸವನ್ನು ಮೂರು ವಾಕ್ಯದಲ್ಲಿ, ಜನಸಾಮಾನ್ಯರಿಗೆ ಅರ್ಥವಾಗುವಂತೆ ಹೇಳಲು ಬರಬೇಕು. ಸಿವಿ, ಪೇಪರ್‌ಗಳ ಪಟ್ಟಿ, ಅಲ್ಲಿ ಮಾಡಲಿರುವ ಕೆಲಸದ ಒಂದು ಪುಟದ ವಿವರ ಕೈಯಲ್ಲಿರಲಿ. 2025ರ ಜೂನ್‌ನಿಂದ ಜೆ ವೀಸಾದವರು ಸೋಷಿಯಲ್ ಮೀಡಿಯಾ ಖಾತೆಗಳನ್ನು ಎಲ್ಲರಿಗೂ ಕಾಣುವಂತೆ ತೆರೆದಿಡಬೇಕು ಅನ್ನುವ ಸೂಚನೆಯೂ ಬಂದಿದೆ. ಇಷ್ಟೆಲ್ಲ ಇರುವಾಗ ಆರು ತಿಂಗಳು ಕೇಳಿದರೆ ತಪ್ಪೇನೂ ಇಲ್ಲ. ಪ್ರೊಫೆಸರ್‌ಗೂ ಇದೆಲ್ಲ ಗೊತ್ತಿರುತ್ತದೆ.

ಸಂಬಳಕ್ಕೆ ಬರೋಣ. ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಹಲವು ಎನ್‌ಐಎಚ್‌ನ ಪಟ್ಟಿಯನ್ನು ಅಳತೆಗೋಲಾಗಿ ಇಟ್ಟುಕೊಳ್ಳುತ್ತವೆ. 2025ರ ಪಟ್ಟಿಯಲ್ಲಿ ಹೊಸಬರಿಗೆ ವರ್ಷಕ್ಕೆ 62,232 ಡಾಲರ್. ಇಲ್ಲಿ ಎಸ್‌ಆರ್‌ಎಫ್ (ಸೀನಿಯರ್ ರಿಸರ್ಚ್ ಫೆಲೋ) ಆಗಿ ತಿಂಗಳಿಗೆ 42,000 ರೂಪಾಯಿ ತೆಗೆದುಕೊಂಡವರಿಗೆ ಅದನ್ನು ರೂಪಾಯಿಗೆ ತಿರುಗಿಸಿದ ಕೂಡಲೇ ತಲೆ ತಿರುಗುತ್ತದೆ. ದಯವಿಟ್ಟು ತಿರುಗಿಸಬೇಡಿ. ಬಾಸ್ಟನ್ ಅಥವಾ ಸ್ಯಾನ್ ಫ್ರಾನ್ಸಿಸ್ಕೊ ಕಡೆಯಾದರೆ ಅರ್ಧ ಸಂಬಳ ಬಾಡಿಗೆಗೇ ಹೋಗುತ್ತದೆ. ಸಣ್ಣ ಊರಿನ ವಿಶ್ವವಿದ್ಯಾಲಯದಲ್ಲಿ ಅದೇ ಸಂಬಳದಲ್ಲಿ ಇಬ್ಬರು ಆರಾಮಾಗಿ ಇರಬಹುದು, ಆದರೆ ಕಾರು ಬೇಕಾಗುತ್ತದೆ.

ತೆರಿಗೆಯಲ್ಲಿ ಒಂದು ಗುಂಡಿ ಇದೆ, ಬಹಳ ಜನ ಬೀಳುತ್ತಾರೆ. ಭಾರತ–ಅಮೆರಿಕ ತೆರಿಗೆ ಒಪ್ಪಂದದ 22ನೇ ವಿಧಿಯಲ್ಲಿ, ವಿಶ್ವವಿದ್ಯಾಲಯಕ್ಕೆ ಸಂಶೋಧನೆಗೆ ಬಂದ ಭಾರತೀಯರ ಸಂಬಳಕ್ಕೆ 2 ವರ್ಷದವರೆಗೆ ಫೆಡರಲ್ ತೆರಿಗೆ ವಿನಾಯಿತಿ ಇದೆ. ಕೇಳಲು ಖುಷಿ. ಆದರೆ ಅದು 2 ವರ್ಷ ಮೀರದ ಭೇಟಿಗೆ ಮಾತ್ರ. ಮೀರಿದರೆ ಮೊದಲ ದಿನದಿಂದಲೇ ವಿನಾಯಿತಿ ಕಳೆದುಕೊಂಡು, ಹಿಂದಿನದ್ದೂ ಸೇರಿಸಿ ಕಟ್ಟಬೇಕಾದೀತು. ಐಐಟಿಯ ಲೆಕ್ಕದಲ್ಲಿ ನಿಮ್ಮ ಗುರಿ ಮೂರು ವರ್ಷ. ಆದ್ದರಿಂದ ಸೇರಿದ ದಿನ ಎಚ್‌ಆರ್‌ನವರು ಆ ವಿನಾಯಿತಿಯ ಫಾರ್ಮ್ ಮುಂದಿಟ್ಟಾಗ ಆಸೆಪಟ್ಟು ಸಹಿ ಹಾಕುವ ಮುಂಚೆ ತೆರಿಗೆ ಬಲ್ಲವರನ್ನು ಕೇಳಿ. ಇಲ್ಲಿನ ತೆರಿಗೆಗೂ ಒಂದು ದಿನಾಂಕ ಇದೆ. ಕೆಲಸಕ್ಕಾಗಿ ದೇಶ ಬಿಡುವ ವರ್ಷದಲ್ಲಿ ಭಾರತದಲ್ಲಿ 182 ದಿನಕ್ಕಿಂತ ಕಡಿಮೆ ಇದ್ದರೆ ಆ ಹಣಕಾಸು ವರ್ಷಕ್ಕೆ ನೀವು ಅನಿವಾಸಿ. ಅಂದರೆ ಸೆಪ್ಟೆಂಬರ್ ಕೊನೆಯ ವಾರದೊಳಗೆ ಹೊರಟವರ ಲೆಕ್ಕ ಸುಲಭ, ಅಕ್ಟೋಬರ್‌ನಲ್ಲಿ ಹೊರಟವರಿಗೆ ಅಲ್ಲಿನ ಸಂಬಳವನ್ನೂ ಇಲ್ಲಿ ತೋರಿಸುವ ಕೆಲಸ. ದಸರಾ ಮುಗಿಸಿಕೊಂಡು ಹೋಗು ಅಂತ ಮನೆಯಲ್ಲಿ ಹೇಳುತ್ತಾರೆ, ನೋಡಿಕೊಳ್ಳಿ.

ಜರ್ಮನಿಯಲ್ಲಿ ವಿಶ್ವವಿದ್ಯಾಲಯದ ನೌಕರಿ ಒಪ್ಪಂದ ಸಿಕ್ಕರೆ ಟಿವಿ-ಎಲ್ ಇ13 ಅನ್ನುವ ಸಂಬಳ ಶ್ರೇಣಿ. ತೆರಿಗೆ, ಆರೋಗ್ಯ ವಿಮೆ, ಪಿಂಚಣಿ ಎಲ್ಲ ಹಿಡಿದುಕೊಂಡು ಕೈಗೆ ಬರುವುದು ಕಾಗದದ ಮೇಲಿನ ಮೊತ್ತಕ್ಕಿಂತ ತುಂಬ ಕಡಿಮೆ. ಆದರೆ ಆ ಕಡಿತಕ್ಕೆ ಪ್ರತಿಯಾಗಿ ಏನಾದರೂ ಸಿಗುತ್ತದೆ. ಆಸ್ಪತ್ರೆ ಖರ್ಚಿನ ಚಿಂತೆ ಇರುವುದಿಲ್ಲ. ಪಿಂಚಣಿಗೆ 5 ವರ್ಷಕ್ಕಿಂತ ಕಡಿಮೆ ಕಟ್ಟಿದ್ದರೆ, ಆ ಕಡೆ ಬಿಟ್ಟು 2 ವರ್ಷ ಆದ ಮೇಲೆ ನಿಮ್ಮ ಪಾಲನ್ನು ವಾಪಸ್ ಕೇಳಬಹುದು. ಎಷ್ಟೋ ಜನ ಮರೆತೇ ಬಿಡುತ್ತಾರೆ. ಹಂಬೋಲ್ಟ್‌ನಂಥ ಫೆಲೋಶಿಪ್‌ನಲ್ಲಿ ಸಂಬಳದ ಕಡಿತ ಇಲ್ಲ, ಆದರೆ ಆರೋಗ್ಯ ವಿಮೆಯನ್ನು ನೀವೇ ನೋಡಿಕೊಳ್ಳಬೇಕು. ಹೆಂಡತಿ ಜೊತೆಗಿದ್ದರೆ ಕುಟುಂಬ ಭತ್ಯೆ ಉಂಟು, ಜರ್ಮನ್ ಕಲಿಯಲು ಬೆಂಬಲವೂ ಉಂಟು.

ಹೆಂಡತಿ ಅಂದಾಗ ನೆನಪಾಯಿತು, ನಿಮ್ಮ ಪತ್ರದಲ್ಲಿ ಅವರಿಗೆ ಸಿಕ್ಕಿರುವುದು ಒಂದೇ ವಾಕ್ಯ. ಅವರ ಅಭಿಪ್ರಾಯ ಏನು ಅಂತಲೇ ಇಲ್ಲ. ಪೋಸ್ಟ್‌ಡಾಕ್ ಅರ್ಧಕ್ಕೆ ಬಿಟ್ಟು ಬಂದವರನ್ನು ನಾನು ನೋಡಿದ್ದೇನೆ. ಲ್ಯಾಬಿನ ಕಾರಣಕ್ಕೆ ಬಂದವರಿಗಿಂತ ಮನೆಯ ಕಾರಣಕ್ಕೆ ಬಂದವರೇ ಜಾಸ್ತಿ. ಹಿಂಜವಡಿಯಲ್ಲಿ ನಿಮಗಿಂತ ಹೆಚ್ಚು ಸಂಪಾದಿಸುತ್ತಿರುವವರು, ಅಲ್ಲಿ ಹೋಗಿ ಕಿಟಕಿಯಿಂದ ಹಿಮ ನೋಡುತ್ತ ಎಷ್ಟು ದಿನ ಕೂರುತ್ತಾರೆ? ಜೆ-2 ವೀಸಾದವರು (ಜೆ-1ನವರ ಸಂಗಾತಿ) ಅಮೆರಿಕಕ್ಕೆ ಹೋದ ಮೇಲೆ ಕೆಲಸದ ಪರವಾನಗಿಗೆ ಅರ್ಜಿ ಹಾಕಬಹುದು. ಅದು ಕೈಗೆ ಬರಲು ತಿಂಗಳುಗಳು ಬೇಕು, ನಿಮ್ಮ ಡಿಎಸ್-2019ರ ಅವಧಿ ದಾಟಿ ಅದು ನಡೆಯುವುದಿಲ್ಲ. ನಿಮ್ಮದು ಒಂದು ವರ್ಷದ ಕಾಗದವಾದರೆ ಅವರ ಕೈಗೆ ಪರವಾನಗಿ ಬರುವ ಹೊತ್ತಿಗೆ ಎಷ್ಟು ಉಳಿದಿರುತ್ತದೆ ಲೆಕ್ಕ ಹಾಕಿ. ಅಂಥವರನ್ನು ಯಾವ ಕಂಪನಿ ತೆಗೆದುಕೊಳ್ಳುತ್ತದೆ? ಜರ್ಮನಿಯಲ್ಲಿ ಸಂಶೋಧಕರ ಪರ್ಮಿಟ್ ಇದ್ದವರ ಸಂಗಾತಿಗೆ ಯಾವ ಕೆಲಸಕ್ಕಾದರೂ ಅನುಮತಿ ಇದೆ. ವೀಸಾಗೆ ಜರ್ಮನ್ ಭಾಷೆಯ ಪರೀಕ್ಷೆಯ ಷರತ್ತೂ ಅವರಿಗೆ ಇಲ್ಲ. ಭಾಷೆ ಇಲ್ಲದೆ ಕೆಲಸ ಹುಡುಕುವುದು ಕಷ್ಟ ಅನ್ನುವುದು ನಿಜ, ಆದರೆ ಸಾಫ್ಟ್‌ವೇರ್‌ನಲ್ಲಿ ಇಂಗ್ಲಿಷಿನಲ್ಲೇ ನಡೆಯುವ ಜಾಗಗಳು ಇವೆ. ಜಪಾನಿನಲ್ಲಾದರೆ ಡಿಪೆಂಡೆಂಟ್‌ಗೆ ಅನುಮತಿ ಪಡೆದು ವಾರಕ್ಕೆ 28 ಗಂಟೆ ಮಾತ್ರ. ನಿಮ್ಮ ಮನೆಯ ಮಟ್ಟಿಗೆ ಜರ್ಮನಿಯ ಕಡೆ ತಕ್ಕಡಿ ವಾಲುವುದು ಇಲ್ಲೇ, ಲ್ಯಾಬಿನಲ್ಲಿ ಅಲ್ಲ.

ಕಾಗದಪತ್ರದ ಬಗ್ಗೆ ಸ್ವಲ್ಪ ಹೇಳಲೇಬೇಕು, ಯಾಕಂದ್ರೆ ಕರ್ನಾಟಕದಲ್ಲಿ ಹುಟ್ಟಿ ಮಹಾರಾಷ್ಟ್ರದಲ್ಲಿ ಓದಿದವರಿಗೆ ಇದೊಂದು ಬೇರೆಯೇ ಗೋಳು. ನಿಮ್ಮ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಜೊತೆ ಹೆಸರು ಇರುತ್ತದೆ. ಇಲ್ಲಿನ ವಿಶ್ವವಿದ್ಯಾಲಯದ ಕಾಗದದಲ್ಲಿ ಮೊದಲು ಆಡನಾವು (ಅಡ್ಡಹೆಸರು), ಆಮೇಲೆ ಹೆಸರು, ಆಮೇಲೆ ತಂದೆಯ ಹೆಸರು. ಪಾಸ್‌ಪೋರ್ಟ್‌ನಲ್ಲಿ ಮೂರನೇ ರೂಪ. ಹೊರಗಿನವರ ಕಣ್ಣಿಗೆ ಇವರು ಮೂರು ಜನ. ವೈವಾಗೆ ಮುಂಚೆಯೇ, ಪಿಎಚ್‌ಡಿ ಸರ್ಟಿಫಿಕೇಟ್‌ನಲ್ಲಿ ಪಾಸ್‌ಪೋರ್ಟ್‌ನಲ್ಲಿರುವ ಹಾಗೇ ಹೆಸರು ಬರುವಂತೆ ಆಫೀಸಿನಲ್ಲಿ ಕೂತು ಸರಿಮಾಡಿಸಿ. ಆಮೇಲೆ ಮಾಡಿಸುವುದು ಬಹಳ ಕಷ್ಟ. ಮದುವೆ ಊರಲ್ಲಿ ಆಗಿದ್ದರೆ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಿದೆಯಾ ನೋಡಿ. ಕಲ್ಯಾಣ ಮಂಟಪದ ರಸೀದಿ, ಲಗ್ನಪತ್ರಿಕೆ ಇವೆಲ್ಲ ವೀಸಾಗೆ ಬರುವುದಿಲ್ಲ. ಜರ್ಮನಿಗೆ ಹೋಗುವುದಾದರೆ ಮಹಾರಾಷ್ಟ್ರದಲ್ಲಿ ಇರುವವರು ಮುಂಬೈ ಕಾನ್ಸುಲೇಟ್ ವ್ಯಾಪ್ತಿಗೆ, ಕರ್ನಾಟಕದವರು ಬೆಂಗಳೂರಿಗೆ. ಪಾಸ್‌ಪೋರ್ಟ್‌ನಲ್ಲಿ ಗದಗಿನ ವಿಳಾಸ ಇದ್ದರೆ ಪುಣೆಯಲ್ಲಿ ಇದ್ದೀರಿ ಅನ್ನಲು ದಾಖಲೆ ಬೇಕಾಗುತ್ತದೆ. ಮನೆ ಮಾಲೀಕರ ಹತ್ತಿರ ಮಾಡಿಕೊಂಡ ಬಾಡಿಗೆಯ ಲೀವ್ ಅಂಡ್ ಲೈಸೆನ್ಸ್ ಅಗ್ರಿಮೆಂಟ್ ನೋಂದಣಿ ಆಗಿರಲಿ, ಹೆಂಡತಿಯ ಹೆಸರೂ ಅದರಲ್ಲಿರಲಿ.

ವಾಪಸ್ ಬರುವ ಬಾಗಿಲಿನ ಬಗ್ಗೆ ಮೊದಲೇ ಹೇಳಿದೆ. ಅದಕ್ಕೂ ಗಡುವು ಇದೆ. ಡಿಎಸ್‌ಟಿಯ (ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ) ಇನ್‌ಸ್ಪೈರ್ ಫ್ಯಾಕಲ್ಟಿ ಫೆಲೋಶಿಪ್‌ಗೆ ಸಾಮಾನ್ಯ ವರ್ಗದಲ್ಲಿ ವಯೋಮಿತಿ 32. ಮಹಿಳೆಯರಿಗೆ, ಎಸ್‌ಸಿ, ಎಸ್‌ಟಿಯವರಿಗೆ ಸಡಿಲಿಕೆ ಇದೆ. ನಿಮಗೆ 30. ಅಂದರೆ ಹೊರಗೆ ಹೋದ ಮರುವರ್ಷವೇ ಅದಕ್ಕೆ ಅರ್ಜಿ ಹಾಕಬೇಕು, ಅಲ್ಲಿ ನೆಲೆ ನಿಂತ ಮೇಲೆ ನೋಡೋಣ ಅಂದರೆ ಆಗುವುದಿಲ್ಲ. ತಿಂಗಳಿಗೆ 1,25,000 ರೂಪಾಯಿ, 5 ವರ್ಷ, ಜೊತೆಗೆ ವರ್ಷಕ್ಕೆ 7 ಲಕ್ಷ ಸಂಶೋಧನಾ ಹಣ. ಅದು ತಪ್ಪಿದರೆ ರಾಮಾನುಜನ್ ಫೆಲೋಶಿಪ್. 40 ವರ್ಷದೊಳಗಿನವರಿಗೆ, ತಿಂಗಳಿಗೆ 1,35,000, ಇದೂ 5 ವರ್ಷ. ಆದರೆ ಇದು ಹೊರದೇಶದಲ್ಲಿ ಕೆಲಸ ಮಾಡುತ್ತಿರುವವರಿಗೆ. ಕೆಲಸ ಬಿಟ್ಟು ಗಂಟುಮೂಟೆ ಕಟ್ಟಿ ಪುಣೆಗೆ ಬಂದು ಕೂತು ಹಾಕುತ್ತೇನೆ ಅಂದರೆ ಆಗುವುದಿಲ್ಲ. ಅಲ್ಲಿ ಕೊನೆಯ ವರ್ಷ ಇರುವಾಗಲೇ ಇಲ್ಲಿನ ಯಾವುದಾದರೂ ಸಂಸ್ಥೆಯನ್ನು ಮಾತನಾಡಿಸಿ ಹೋಸ್ಟ್ ಮಾಡಿಕೊಳ್ಳಬೇಕು. ಪ್ರತಿ ಸಲ ರಜೆಗೆ ಬಂದಾಗ ಒಂದು ಸೆಮಿನಾರ್ ಕೊಟ್ಟು ಹೋಗಿ. ಪಾಷಾಣ್‌ನಲ್ಲಿ ನಿಮಗೆ ಎನ್‌ಸಿಎಲ್ (ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯ), ಐಸರ್ ಎರಡೂ ಅಕ್ಕಪಕ್ಕದಲ್ಲೇ ಇವೆ, ಇಂಥ ಅನುಕೂಲ ದೇಶದಲ್ಲಿ ಎಷ್ಟು ಜನಕ್ಕಿದೆ? ಈ ಎರಡೂ ಫೆಲೋಶಿಪ್ ಕಾಯಂ ಕೆಲಸ ಅಲ್ಲ ಅನ್ನುವುದೂ ಗೊತ್ತಿರಲಿ. ಐದು ವರ್ಷ ಆದ ಮೇಲೆ ಹೋಸ್ಟ್ ಸಂಸ್ಥೆ ಒಳಗೆ ತೆಗೆದುಕೊಳ್ಳಲೇಬೇಕು ಅಂತ ಏನೂ ಇಲ್ಲ. ಆ ವರ್ಷಗಳಲ್ಲೇ ಬೇರೆ ಕಡೆ ಅರ್ಜಿ ಹಾಕುತ್ತ ಇರಬೇಕು.

ಇಷ್ಟು ಹೇಳಿ "ನಿರ್ಧಾರ ನಿಮ್ಮದು" ಅಂತ ಜಾರಿಕೊಳ್ಳುವುದಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೆ ಹೀಗೆ ಮಾಡುತ್ತಿದ್ದೆ. ಅಮೆರಿಕದ ಪ್ರೊಫೆಸರ್‌ಗೆ ಈ ವಾರವೇ ಮೇಲ್ ಬರೆದು ಎರಡು ವಿಷಯ ಕೇಳುತ್ತಿದ್ದೆ: ಎರಡು ವರ್ಷದ ಡಿಎಸ್-2019 ಕೊಡಲು ಆಗುತ್ತದಾ, ಆರು ತಿಂಗಳ ನಂತರ ಸೇರಬಹುದಾ. ಎರಡಕ್ಕೂ ಹೂಂ ಅಂದರೆ ಅದು ಒಳ್ಳೆ ಆಫರ್, ಕೈಬಿಡಬೇಡಿ. ಅದೇ ಹೊತ್ತಿಗೆ ಜರ್ಮನಿಯವರ ಜೊತೆ ಹಂಬೋಲ್ಟ್ ಪ್ರಪೋಸಲ್ ಬರೆಯಲು ಕೂರುತ್ತಿದ್ದೆ, ಮೇರಿ ಕ್ಯೂರಿಯ ಕೊನೆಯ ದಿನಾಂಕ ಸಾಮಾನ್ಯವಾಗಿ ಸೆಪ್ಟೆಂಬರ್‌ನಲ್ಲಿ ಬರುವುದರಿಂದ ಅದಕ್ಕೂ ಅದೇ ಪ್ರಪೋಸಲನ್ನು ಬೆಳೆಸುತ್ತಿದ್ದೆ. ಅಮೆರಿಕದವರಿಗೆ ಇನ್ನೊಂದು ಅರ್ಜಿ ನಡೆಯುತ್ತಿದೆ ಅಂತ ಮುಚ್ಚುಮರೆ ಇಲ್ಲದೆ ಹೇಳುತ್ತಿದ್ದೆ. ರಸಾಯನಶಾಸ್ತ್ರದ ಜಗತ್ತು ಚಿಕ್ಕದು, ಇವರಿಬ್ಬರೂ ಯಾವುದೋ ಕಾನ್ಫರೆನ್ಸ್‌ನಲ್ಲಿ ಒಂದೇ ಟೇಬಲ್‌ಗೆ ಕೂತಿರುತ್ತಾರೆ.

ಅಮೆರಿಕದವರು ಒಂದೇ ವರ್ಷ, ಮೂರೇ ತಿಂಗಳು ಅಂತ ಹಟ ಹಿಡಿದರೆ ನಾನು ಹೋಗುವುದಿಲ್ಲ. ಪುಣೆಯಲ್ಲೇ ಯಾವುದಾದರೂ ಪ್ರಾಜೆಕ್ಟ್‌ನಲ್ಲಿ ರಿಸರ್ಚ್ ಅಸೋಸಿಯೇಟ್ ಆಗಿ ಸೇರಿಕೊಳ್ಳುತ್ತಿದ್ದೆ. ಅದರ ಮೊದಲ ದರ್ಜೆ ಆರ್‌ಎ-1ಕ್ಕೆ ತಿಂಗಳಿಗೆ 58,000 ರೂಪಾಯಿ ಮತ್ತು ಎಚ್‌ಆರ್‌ಎ. ಹೆಂಡತಿಯ ಕೆಲಸ ನಡೆಯುತ್ತಿರುತ್ತದೆ, ಮನೆ ನಡೆಯುತ್ತದೆ. ಇದಕ್ಕೆ ಒಂದು ವರ್ಷ ಮಿತಿ ಹಾಕಿಕೊಳ್ಳಿ. ಫೆಲೋಶಿಪ್ ಎರಡು ಸಲ ತಪ್ಪಿದರೆ ಪ್ರೊಫೆಸರ್‌ನ ಗ್ರ್ಯಾಂಟಿನಲ್ಲೇ ಹೋಗಿ, ಜರ್ಮನಿಯಾದರೂ ಸರಿ. ಆಗ ಮುಚ್ಚುವ ಬಾಗಿಲುಗಳ ಬಗ್ಗೆ ಚಿಂತೆ ಮಾಡುವುದರಲ್ಲಿ ಅರ್ಥವಿಲ್ಲ.

ಎರಡೂ ಕಡೆಗೆ ಬೇಕಾಗುವುದು ನಿಮ್ಮ ಗೈಡ್ ಬರೆಯುವ ರೆಕಮೆಂಡೇಶನ್ ಲೆಟರ್. ಅಮೆರಿಕ ಬೇಡ ಅಂದರೆ ಬೇಜಾರಾಗಬಹುದು ಅನ್ನುವ ಹೆದರಿಕೆ ನಿಮ್ಮ ಪತ್ರದಲ್ಲಿ ಎದ್ದು ಕಾಣುತ್ತದೆ. ಅವರಿಗೆ ನಿಜವಾಗಿ ಬೇಜಾರಾಗುವುದು ನೀವು ಬಾಕಿ ಪೇಪರ್ ಅರ್ಧಕ್ಕೆ ಬಿಟ್ಟು ವಿಮಾನ ಹತ್ತಿದರೆ. ಆ ಪೇಪರ್ ಮುಗಿಸಿ ಜರ್ನಲ್‌ಗೆ ಕಳಿಸಿ, ಲ್ಯಾಬ್ ನೋಟ್‌ಬುಕ್‌ಗಳನ್ನು ಸರಿಯಾಗಿ ಒಪ್ಪಿಸಿ, ಯಾವ ಡೇಟಾ ಜೊತೆಗೆ ತೆಗೆದುಕೊಂಡು ಹೋಗಬಹುದು ಅಂತ ಅವರನ್ನೇ ಕೇಳಿ ಬರೆದಿಟ್ಟುಕೊಳ್ಳಿ. ಆಮೇಲೆ ಎರಡು ಆಫರ್‌ಗಳನ್ನೂ ಮುಂದಿಟ್ಟು, ಮೇಲೆ ಹೇಳಿದ ದಿನಾಂಕಗಳ ಲೆಕ್ಕವನ್ನು ತೋರಿಸಿ. ಬಹಳಷ್ಟು ಗೈಡ್‌ಗಳಿಗೆ ಈಗಿನ ಈ ನಿಯಮಗಳೆಲ್ಲ ಗೊತ್ತಿರುವುದಿಲ್ಲ, ಕೇಳಿದ ಮೇಲೆ ಅವರೇ ಜರ್ಮನಿಗೆ ಪತ್ರ ಬರೆಯಲು ಕೂರುತ್ತಾರೆ.